ಗೊಮ್ಮಟನ ಸೊಂಟದವರೆಗೆ ಮೋಡ

ಫೋನು ಬಂದಾಗ ನಾನು ಕೂಡಲೇ ಹಲೋ ಎನ್ನುವುದಿಲ್ಲ. ಕಿವಿಗಿಟ್ಟುಕೊಂಡು ಒಂದೆರಡು ಕ್ಷಣ ಸುಮ್ಮನಿರುತ್ತೇನೆ. ಆ ಕಡೆಯವರು “ಹಲೋ, ಹಲೋ, ಕೇಳ್ತಾ ಉಂಟಾ?” ಎಂದು ಬೊಬ್ಬೆ ಹೊಡೆದ ಮೇಲೆಯೇ ನನ್ನ ಬಾಯಿ ತೆರೆಯುವುದು. ಅಜ್ಜನಿಗೆ ಕಿವಿ ಮಂದವಾಯಿತು ಎಂದು ಮನೆಯಲ್ಲಿ ತೀರ್ಮಾನವಾಗಿ, ಮಣಿಪಾಲದಲ್ಲಿ ಕಿವಿಯ ಡಾಕ್ಟರರೊಬ್ಬರಿಗೆ ತೋರಿಸಿದ್ದೂ ಆಯಿತು. ಅವರು ಎರಡೂ ಕಿವಿಗೆ ದೀಪ ಹಾಕಿ ನೋಡಿ, “ಇವರ ಕಿವಿಗೆ ಎಂತದೂ ಆಗಲಿಲ್ಲ” ಎಂದು ಕಳಿಸಿದರು. ನಿಜವೇ. ನಾನು ಆ ಎರಡು ಕ್ಷಣ ಕೇಳುವುದು ಮಾತನ್ನಲ್ಲ, ತಂತಿಯನ್ನು. ಈ ಫೋನಿಗೆ ತಂತಿಯೇ ಇಲ್ಲ ಎನ್ನುವುದು ನನಗೂ ಗೊತ್ತುಂಟು. ಆದರೂ ಏಪ್ರಿಲ್ ಕಳೆದು ಸೆಕೆ ಏರಿತೆಂದರೆ, ಮಧ್ಯಾಹ್ನ ಮೂರು ಗಂಟೆಯ ಮೇಲೆ ಫೋನು ಬಂತೆಂದರೆ, ಕಿವಿ ತಾನಾಗಿ ಎಲ್ಲೋ ದೂರ ಹೋಗಿ ಕರಕರ ಸದ್ದು ಉಂಟೋ ಎಂದು ಹುಡುಕಿ ಬರುತ್ತದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಕೆಳಬೈಲು ಎಂಬ ಊರಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೆ. ಕೆಳಬೈಲನ್ನು ನೀವು ನೋಡಿರಲಿಕ್ಕಿಲ್ಲ. ಕಾಪುವಿನಿಂದ ಉಚ್ಚಿಲಕ್ಕೆ ಹೋಗುವಾಗ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿ ಎರಡು ಮೈಲಿ ನಡೆಯಬೇಕಿತ್ತು. ಎಕ್ಸ್‌ಚೇಂಜ್ ಎಂದ ಕೂಡಲೇ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಹಂಚಿನ ಮನೆಯೊಂದರ ಚಾವಡಿ, ಅದರಲ್ಲಿ ಒಂದು ಬೋರ್ಡು, ಬೋರ್ಡಿನ ಮುಂದೆ ಒಂದು ಎತ್ತರದ ಸ್ಟೂಲು, ಸ್ಟೂಲಿನ ಮೇಲೆ ನಾನು. ಊರಿನಲ್ಲಿ ಇದ್ದದ್ದೇ ಇಪ್ಪತ್ತೈದು ಫೋನು. ಯಾರಾದರೂ ತಮ್ಮ ಮನೆಯಲ್ಲಿ ಹಿಡಿ ತಿರುಗಿಸಿದರೆ ಬೋರ್ಡಿನಲ್ಲಿ ಅವರ ಹೆಸರಿನ ಸಣ್ಣ ಮುಚ್ಚಳ ಟಪ್ ಎಂದು ಬೀಳುತ್ತಿತ್ತು. ನಾನು ಅಲ್ಲಿಗೆ ಪಿನ್ನು ಚುಚ್ಚಿ “ಎಕ್ಸ್‌ಚೇಂಜ್” ಎನ್ನುತ್ತಿದ್ದೆ. ಹೊರಗಿನ ಲೋಕಕ್ಕೆ ನಮಗೆ ಎರಡೇ ದಾರಿ. ಒಂದು ಲೈನು ಉಡುಪಿಗೆ, ಇನ್ನೊಂದು ಶಿರ್ವ, ಬೆಳ್ಮಣ್ ಹಾದು ಕಾರ್ಕಳಕ್ಕೆ.

ಉಡುಪಿಯ ಲೈನಿನಲ್ಲಿ ಕುಳಿತವರಿಗೆ ಯಾವಾಗಲೂ ಅರ್ಜೆಂಟು. ನಾನು ಬಾಯಿ ತೆರೆಯುವ ಮೊದಲೇ “ಎಂಗೇಜ್” ಎಂದು ಮುಗಿಸಿಬಿಡುತ್ತಿದ್ದರು. ಕಾರ್ಕಳದ ಲೈನಿನಲ್ಲಿ ಮಾತ್ರ ಒಂದು ಹೆಣ್ಣು ಧ್ವನಿ ಇತ್ತು. ನಮ್ಮಲ್ಲಿ ಆಪರೇಟರುಗಳಿಗೆ ಹೆಸರಿರಲಿಲ್ಲ, ಊರಿನ ಹೆಸರೇ ನಮ್ಮ ಹೆಸರು. ಅವಳು ನನಗೆ “ಕಾರ್ಕಳ”, ನಾನು ಅವಳಿಗೆ “ಕೆಳಬೈಲು”. ಮನೆಯಲ್ಲಿ ಬೀದಿಯಲ್ಲಿ ತುಳು ಮಾತನಾಡುವ ನಾವೆಲ್ಲ ಲೈನಿನ ಮೇಲೆ ಬಂದ ಕೂಡಲೇ ಇಸ್ತ್ರಿ ಹಾಕಿದ ಕನ್ನಡಕ್ಕೆ ಏರುತ್ತಿದ್ದೆವು. “ದಯವಿಟ್ಟು ಸ್ವಲ್ಪ ತಡೆಯಿರಿ, ಕೆಳಬೈಲು” ಎಂದು ಅವಳು ಹೇಳುವಾಗ ಒಂದು ಅಕ್ಷರವೂ ಜಾರುತ್ತಿರಲಿಲ್ಲ. ಆ ‘ತಡೆಯಿರಿ’ಯನ್ನು ಕೇಳಲಿಕ್ಕಾಗಿ ನಾನು ಎಷ್ಟು ಹೊತ್ತು ಬೇಕಾದರೂ ತಡೆಯುತ್ತಿದ್ದೆ. ನಗಬೇಡಿ, ನನಗೆ ಆಗ ಇಪ್ಪತ್ಮೂರು ವರ್ಷ.

ಮೇ ತಿಂಗಳ ಮಧ್ಯಾಹ್ನಗಳು ನಿಮಗೂ ನೆನಪಿರಬಹುದು. ಊರಿಗೆ ಊರೇ ಊಟ ಮಾಡಿ ಮಲಗಿರುತ್ತಿತ್ತು. ಮುಚ್ಚಳಗಳೂ ಬೀಳುತ್ತಿರಲಿಲ್ಲ. ಹೊರಗೆ ಕಂಬದ ತಂತಿ ಸಣ್ಣಗೆ ಗುಂಯ್‌ಗುಡುತ್ತಿತ್ತು. ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದರೆ ಆ ತಂತಿಯ ಗುಂಟ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಶಿರ್ವದ ಗೇರು ಗುಡ್ಡ, ಬೆಳ್ಮಣ್ಣಿನ ಪೇಟೆ, ಬಿಸಿಲಿಗೆ ಕಾದ ಪಾರೆಕಲ್ಲು, ಎಲ್ಲವನ್ನೂ ದಾಟಿ ಕೊನೆಗೆ ಕಾರ್ಕಳದ ಒಂದು ಕಿಟಕಿ. ಆ ಕಿಟಕಿಯಿಂದ ಗುಡ್ಡದ ಮೇಲಿನ ಗೊಮ್ಮಟ ಕಾಣುತ್ತಾನೆ ಎಂದು ಅವಳೇ ಹೇಳಿದ್ದಳು. ಕಿಟಕಿಯ ಪಕ್ಕ ಕುಳಿತವಳಿಗೆ ನಾನು ದಿನಕ್ಕೊಂದು ಮುಖ ಮಾಡಿ ಇಡುತ್ತಿದ್ದೆ. ಒಮ್ಮೆ ಎರಡು ಜಡೆ, ಒಮ್ಮೆ ಕನ್ನಡಕ. ಯಾವುದೂ ಆ ಧ್ವನಿಗೆ ಸರಿಹೊಂದುತ್ತಿರಲಿಲ್ಲ.

ಹಾಗೆ ಕಣ್ಣು ಮುಚ್ಚಿ ಕುಳಿತಾಗಲೇ ನನಗೆ ಆ ವಿದ್ಯೆ ಸಿಕ್ಕಿದ್ದು. ಘಟ್ಟದ ಬುಡದಲ್ಲಿ, ಬಜಗೋಳಿಯ ಆಚೆ ಎಲ್ಲೋ ಮಿಂಚು ಹೊಡೆದರೆ ನಮ್ಮ ತಂತಿಗೆ ಅದು ಮೊದಲೇ ಗೊತ್ತಾಗುತ್ತಿತ್ತು. ಇಲ್ಲಿ ಸುಡುಬಿಸಿಲು, ಕಿವಿಯಲ್ಲಿ ಮಾತ್ರ ಒಗ್ಗರಣೆಗೆ ಹಾಕಿದ ಸಾಸಿವೆಯ ಚಟಪಟ. ಒಂದೊಂದೇ ಸಿಡಿದರೆ ಮೋಡ ಇನ್ನೂ ದೂರ. ಒಟ್ಟಿಗೇ ಸಿಡಿದರೆ ಕಾರ್ಕಳಕ್ಕೆ ಬಂತು. ಸಂಶಯ ಬಂದರೆ ನಾನು ಅವಳನ್ನು ಕೇಳುತ್ತಿದ್ದೆ. ಅವಳು ಕಿಟಕಿಯಿಂದ ನೋಡಿ, “ಗೊಮ್ಮಟನ ಮೊಣಕಾಲಿನವರೆಗೆ ಕಪ್ಪು ಉಂಟು” ಎನ್ನುತ್ತಿದ್ದಳು. ಗೊಮ್ಮಟನ ಬೆನ್ನ ಹಿಂದಿನ ಮೋಡ ಮೊಣಕಾಲಿನಲ್ಲೇ ನಿಂತರೆ ಅದು ಬರೀ ಗುಡುಗಿ ಹೋಗುವ ಜಾತಿಯದ್ದು. ಸೊಂಟಕ್ಕೆ ಬಂದರೆ ಮಳೆ ಖಂಡಿತ. ಭುಜಕ್ಕೆ ಬಂದರೆ ಸಂಜೆಗೆ ನಮ್ಮ ಹೊಳೆಯಲ್ಲಿ ಕೆಂಪು ನೀರು. ರೇಡಿಯೋದವರು ದಿನಾ “ಕೆಲವೆಡೆ ಗುಡುಗುಸಹಿತ ಮಳೆ” ಎಂದು ಓದಿ ಕೈತೊಳೆದುಕೊಳ್ಳುತ್ತಿದ್ದರು. ಆ ಕೆಲವೆಡೆಯಲ್ಲಿ ಕೆಳಬೈಲು ಸೇರಿದೆಯೋ ಇಲ್ಲವೋ ಎಂದು ಹೇಳುವವರು ಜಿಲ್ಲೆಯಲ್ಲಿ ಇಬ್ಬರೇ, ಅವಳು ಮತ್ತು ನಾನು. ಹೀಗೆಂದು ನಾನು ನನ್ನಷ್ಟಕ್ಕೇ ಬೀಗುತ್ತಿದ್ದೆ.

ಮೋಡಕ್ಕೂ ನನಗೂ ಮೊದಲಿನಿಂದ ಅಷ್ಟೇನೂ ಸರಿಯಿರಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ನಮ್ಮ ಮನೆ ಉಡುಪಿಯಲ್ಲಿ, ದೇವಸ್ಥಾನದ ಹಿಂದಿನ ಓಣಿಯಲ್ಲಿ. ಅಜ್ಜಿ ಬೇಸಗೆಯಲ್ಲಿ ಹಲಸಿನ ಹಪ್ಪಳ ಒತ್ತಿ ಅಂಗಳದ ಚಾಪೆಯ ಮೇಲೆ ಒಣಗಿಸುತ್ತಿದ್ದರು. ಕಾಗೆ ಓಡಿಸುವ ಕೆಲಸ ಅಕ್ಕನಿಗೆ, ಮೂಡು ದಿಕ್ಕಿನ ಮೋಡ ನೋಡುವ ಕೆಲಸ ನನಗೆ. ಮಳೆಗಾಲದ ಮಳೆ ಕಡಲಿನಿಂದ ಬರುವುದು, ಬೇಸಗೆಯ ಮಳೆ ಘಟ್ಟದಿಂದ ಇಳಿಯುವುದು, ಅಷ್ಟು ತಿಳಿದಿದ್ದರೆ ಸಾಕಿತ್ತು. ಆದರೆ ನಾನು ಮೋಡವನ್ನು ನೋಡುವುದಕ್ಕೆ ಹೊರಟು ಮೋಡದಲ್ಲಿ ಆನೆ, ಕುದುರೆ, ಗಡ್ಡದ ಮುನಿ ಇತ್ಯಾದಿಗಳನ್ನು ನೋಡುತ್ತಾ ಕುಳಿತುಬಿಡುತ್ತಿದ್ದೆ. ದಪ್ಪ ಹನಿ ಬಿದ್ದು ಹಪ್ಪಳವೆಲ್ಲ ಮತ್ತೆ ಹಿಟ್ಟಾದ ಮೇಲೆ ಅಜ್ಜಿ ಬೈಯುತ್ತಿರಲಿಲ್ಲ. ಆ ಹಿಟ್ಟನ್ನೇ ಮುದ್ದೆ ಮಾಡಿ ನನ್ನ ಬಾಯಿಗೆ ಇಟ್ಟು, “ತಿನ್ನು, ನೀನೇ ಮಾಡಿದ ಅಡುಗೆ” ಎನ್ನುತ್ತಿದ್ದರು. ಹಸಿ ಹಪ್ಪಳದ ಹಿಟ್ಟು, ಮೇಲೆ ಒಂದು ತೊಟ್ಟು ತೆಂಗಿನೆಣ್ಣೆ. ಶಿಕ್ಷೆ ಅಷ್ಟು ರುಚಿಯಾಗಿದ್ದರೆ ಯಾರು ತಾನೇ ಸುಧಾರಿಸುತ್ತಾರೆ? ಪೌರೋಹಿತ್ಯಕ್ಕೂ ಒಗ್ಗದೆ, ಕಾಲೇಜಿಗೂ ಒಗ್ಗದೆ ನಾನು ಈ ಸ್ಟೂಲನ್ನು ಸೇರಿದ್ದು ಹಾಗೆ.

ನನ್ನ ತಂತಿಯ ವಿದ್ಯೆ ಹಪ್ಪಳದ ಮಟ್ಟದಲ್ಲೇ ಇದ್ದಿದ್ದರೆ ಚೆನ್ನಾಗಿತ್ತು. ಅದಕ್ಕೆ ಬೆಲೆ ಬಂದದ್ದು ಗುಲಾಬಿಯಕ್ಕನಿಂದ.

ಕೆಳಬೈಲಿನ ಹೊಳೆಗೆ ಒಂದು ಕಟ್ಟ ಇತ್ತು. ಕಲ್ಲಿನ ಕಂಬಗಳ ನಡುವೆ ಮರದ ಹಲಗೆಗಳನ್ನು ಎರಡು ಸಾಲಾಗಿ ಇಳಿಸಿ ನಡುವೆ ಕೆಸರು ಮಣ್ಣು ಮೆಟ್ಟಿ ತುಂಬಿದರೆ ಬೇಸಗೆಯುದ್ದಕ್ಕೂ ಮೇಲಿನ ಸಿಹಿನೀರು ಅಲ್ಲೇ ನಿಲ್ಲುತ್ತಿತ್ತು, ಕಡಲಿನಿಂದ ಏರಿ ಬರುವ ಉಪ್ಪುನೀರು ಕೆಳಗೇ ನಿಲ್ಲುತ್ತಿತ್ತು. ಕಷ್ಟ ಇದ್ದದ್ದು ಆ ಹಲಗೆಗಳನ್ನು ತೆಗೆಯುವ ದಿನ ಯಾವುದು ಎಂಬುದರಲ್ಲಿ. ಬೇಗ ತೆಗೆದರೆ ಅಮಾವಾಸ್ಯೆಯ ಭರತಕ್ಕೆ ಕಡಲು ಉಕ್ಕಿ ಉಪ್ಪುನೀರು ಒಳಗೆ ನುಗ್ಗಿ ಬಳ್ಳಿ, ಬಾವಿ ಎಲ್ಲ ಕೆಡುತ್ತಿತ್ತು. ತಡವಾದರೆ ಘಟ್ಟದಿಂದ ಇಳಿದ ಮೊದಲ ಕೆಂಪು ನೀರು ಕಟ್ಟದಲ್ಲಿ ತಡೆದು ನಿಂತು ಬದಿಯ ಗದ್ದೆಗಳಿಗೆ ಹತ್ತುತ್ತಿತ್ತು. ಹಾಗಾಗಿ ಊರಿನಲ್ಲಿ ಒಂದು ಕ್ರಮ ಇತ್ತು. ಹಲಗೆ ತೆಗೆಯಿರಿ ಎಂದು ಹೇಳುವ ಹಕ್ಕು ಎಲ್ಲರಿಗಿಂತ ತಗ್ಗಿನ ಗದ್ದೆಯವರಿಗೆ. ಮೊದಲು ಮುಳುಗುವವರು ಅವರಲ್ಲವೇ? ಅವರು ಹೇಳದೆ ಯಾರೂ ಕಟ್ಟಕ್ಕೆ ಕೈ ಹಾಕುತ್ತಿರಲಿಲ್ಲ, ಅವರು ಹೇಳಿದ ಮೇಲೆ ಯಾರೂ ಎದುರಾಡುತ್ತಿರಲಿಲ್ಲ.

ಆ ತಗ್ಗಿನ ಗದ್ದೆ ಗುಲಾಬಿಯಕ್ಕನದ್ದು. ಅವರ ಗಂಡ ಬದುಕಿರುವ ತನಕ ಗೇಣಿಗೆ ಮಾಡಿದ ಗದ್ದೆ. ಉಳುವವನೇ ಒಡೆಯ ಎಂಬ ಕಾನೂನು ಬಂದ ಮೇಲೆ ಡಿಕ್ಲರೇಶನ್ ಕೊಟ್ಟು, ಕಚೇರಿಗೆ ಓಡಾಡಿ, ಆ ವರ್ಷವಷ್ಟೇ ಅದು ಅವರ ಹೆಸರಿಗೆ ಆಗಿತ್ತು. ಅದರ ತುಂಬ ಅವರು ಸೌತೆ ಹಾಕಿದ್ದರು. ನಮ್ಮ ಕಡೆಯ ಸೌತೆ ನಿಮಗೆ ಗೊತ್ತಲ್ಲ, ಬಾಳೆನಾರಿನಿಂದ ಕಟ್ಟಿ ಮಾಡಿಗೆ ತೂಗುಹಾಕಿದರೆ ಮಳೆಗಾಲ ಮುಗಿಯುವವರೆಗೂ ಕೆಡದೆ ಕೂತಿರುತ್ತದೆ. ಜಡಿಮಳೆಯ ಆಟಿ ತಿಂಗಳಿನಲ್ಲಿ ಕೆಲಸವಿಲ್ಲದೆ ಕೂರುವ ದಿನಗಳಿಗೆ ಅವರಿಗೂ ಅವರ ಇಬ್ಬರು ಹೆಣ್ಣುಮಕ್ಕಳಿಗೂ ಅನ್ನಕ್ಕೆ ಅದೇ ಪದಾರ್ಥ. ಕಾಯಿ ಬಲಿಯಲು ಇನ್ನೊಂದು ವಾರದ ನೀರು ಬೇಕಿತ್ತು. ಒಂದು ವಾರ ನೀರೂ ಇರಬೇಕು, ಹೊಳೆಯೂ ಬರಬಾರದು.

ದಿನಾ ಸಂಜೆ ನಾಲ್ಕಕ್ಕೆ ಅವರು ಎಕ್ಸ್‌ಚೇಂಜಿನ ಮೆಟ್ಟಿಲಿಗೆ ಬಂದು ನಿಲ್ಲುತ್ತಿದ್ದರು. ಒಳಗೆ ಬನ್ನಿ ಎಂದರೆ ಬರುತ್ತಿರಲಿಲ್ಲ, ಕಾಲಲ್ಲಿ ಮಣ್ಣು ಉಂಟು ಎನ್ನುತ್ತಿದ್ದರು.

“ಭಟ್ರೇ, ಕಾರ್ಕಳದಲ್ಲಿ ಎಂತ ಉಂಟು?”

“ಮೊಣಕಾಲಿನವರೆಗೆ, ಗುಲಾಬಿಯಕ್ಕ.”

“ಮೊಣಕಾಲು ಅಡ್ಡಿಲ್ಲ. ಸೊಂಟಕ್ಕೆ ಬಂದರೆ ಹೇಳಿ ಆಯ್ತಾ. ಹಲಗೆ ತೆಗೀಲಿಕ್ಕೆ ಎರಡು ಗಂಟೆಯಾದರೂ ಬೇಕು ಮಾರಾಯ್ರೇ.”

ಕಾರ್ಕಳದಲ್ಲಿ ಬಿದ್ದ ನೀರು ನಮ್ಮಲ್ಲಿಗೆ ತಲುಪಲು ಮೂರು ನಾಲ್ಕು ಗಂಟೆ ಹಿಡಿಯುತ್ತಿತ್ತು. ಹಾಗಾಗಿ ನಾಲ್ಕು ಗಂಟೆಯ ನನ್ನ ಮಾತಿನ ಮೇಲೆ ಅವರು, ಅವರ ಮಾತಿನ ಮೇಲೆ ಕಟ್ಟದ ಹತ್ತಿರ ಕಾದಿರುವ ನಾಲ್ಕು ಜನ, ನನ್ನ ಮಾತು ಅವಳ ಕಿಟಕಿಯ ಮೇಲೆ. ಇಷ್ಟೆಲ್ಲ ಗೊತ್ತಿದ್ದೂ ನನಗೆ ಅದೊಂದು ಜವಾಬ್ದಾರಿ ಎನಿಸಲಿಲ್ಲ. ಕಾರ್ಕಳದೊಡನೆ ಮಾತನಾಡಲು ಒಂದು ನೆಪ ಸಿಕ್ಕಿತು ಎನಿಸಿತು. ಈಗ ಬರೆಯಲಿಕ್ಕೆ ನಾಚಿಕೆಯಾಗುತ್ತದೆ.

ನೆಪ ಬೆಳೆದು ಧೈರ್ಯವಾಯಿತು. ಒಂದು ದಿನ ಅವಳು ಗೊಮ್ಮಟನ ವರದಿ ಒಪ್ಪಿಸಿದ ಮೇಲೆ, ಕನ್ನಡಿಯ ಮುಂದೆ ಎರಡು ದಿನ ಅಭ್ಯಾಸ ಮಾಡಿದ ಒಂದು ವಾಕ್ಯವನ್ನು ಹೊರಗೆ ಬಿಟ್ಟೆ. “ನೀವು ಮಾತನಾಡುವಾಗ ಇಲ್ಲಿ ಮಳೆ ಬಂದರೂ ನನಗೆ ಗೊತ್ತಾಗುವುದಿಲ್ಲ.”

ಅವಳು ಒಂದು ಅಕ್ಷರವೂ ಜಾರದಂತೆ, “ಮೂರು ನಿಮಿಷ ಆಯಿತು, ಕೆಳಬೈಲು” ಎಂದು ಹೇಳಿ ಪಿನ್ನು ತೆಗೆದಳು.

ಟ್ರಂಕ್ ಕಾಲಿಗೆ ನಾವು ಅಳೆದುಕೊಡುತ್ತಿದ್ದ ಆ ಮೂರು ನಿಮಿಷವನ್ನು ರಾತ್ರಿಯಿಡೀ ತಿರುಗಿಸಿ ಮುರುಗಿಸಿ ನೋಡಿದೆ. ಅವಳಿಗೆ ಕೋಪ ಬಂದಿತೋ, ನಗು ಬಂದಿತೋ, ಅಥವಾ ಪಕ್ಕದಲ್ಲಿ ಮೇಲಧಿಕಾರಿ ನಿಂತಿದ್ದರೋ ಎಂದು. ಮರುದಿನ ಮಧ್ಯಾಹ್ನ ಎರಡೂವರೆಗೆ ಕಾರ್ಕಳಕ್ಕೆ ರಿಂಗ್ ಮಾಡಿದೆ. ಉತ್ತರ ಇಲ್ಲ. ಮೂರಕ್ಕೆ ಮಾಡಿದೆ. ಇಲ್ಲ. ಮೂರೂವರೆಗೆ ಪಿನ್ನು ಚುಚ್ಚಿ ಕಿವಿಗೊಟ್ಟು ಕುಳಿತೆ. ಸಾಸಿವೆಯೂ ಸಿಡಿಯುತ್ತಿಲ್ಲ, ತಂತಿಯ ಗುಂಯ್ ಸಹ ಇಲ್ಲ. ಅಷ್ಟು ಸ್ವಚ್ಛವಾದ ಮೌನವನ್ನು ನಾನು ಆ ಲೈನಿನಲ್ಲಿ ಎಂದೂ ಕೇಳಿರಲಿಲ್ಲ. ಆಯಿತು, ನನ್ನ ಮೇಲಿನ ಸಿಟ್ಟಿಗೆ ಅವಳು ಇಡೀ ಕೆಳಬೈಲನ್ನೇ ಬಹಿಷ್ಕರಿಸಿದಳು ಎಂದುಕೊಂಡೆ. ನೋಯುತ್ತಿತ್ತು, ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಆಗುತ್ತಿತ್ತು.

ನಾಲ್ಕಕ್ಕೆ ಗುಲಾಬಿಯಕ್ಕ ಬಂದರು.

“ಭಟ್ರೇ, ಕಾರ್ಕಳದಲ್ಲಿ ಎಂತ ಉಂಟು?”

“ಎಂತದೂ ಇಲ್ಲ ಗುಲಾಬಿಯಕ್ಕ. ಲೈನು ಕ್ಲಿಯರ್ ಉಂಟು.”

“ಗೊಮ್ಮಟ?”

ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ ಎಂದು ಹೇಗೆ ಹೇಳುವುದು? ಹೊರಗೆ ನೋಡಿದೆ. ಕಡಲಿನ ಗಾಳಿ ಬೀಸುತ್ತಿತ್ತು, ಮೂಡು ದಿಕ್ಕಿಗೆ ತೆಂಗಿನ ತೋಟ ಅಡ್ಡ, ತಲೆಯ ಮೇಲೆ ಒಳ್ಳೆಯ ಬಿಸಿಲು.

“ಗೊಮ್ಮಟನ ಮೇಲೆ ಬಿಸಿಲು ಉಂಟಂತೆ” ಎಂದುಬಿಟ್ಟೆ.

“ಹಾಗಾದರೆ ಇವತ್ತಿನದ್ದೊಂದು ಕಳೀತು” ಎಂದು ಅವರು ಸೆರಗಿನಿಂದ ಮುಖ ಒರೆಸಿಕೊಂಡು ಹೋದರು. ಹೋಗುವಾಗ ದಾರಿಯಲ್ಲಿ ಕಟ್ಟದ ಹತ್ತಿರ ಕಾದವರಿಗೆ ಮನೆಗೆ ಹೋಗಲು ಹೇಳಿದರಂತೆ.

ಗುಟ್ಟು ನೀವು ಆಗಲೇ ಊಹಿಸಿರಬಹುದು. ಸಿಡಿಲು ತಲೆಯ ಮೇಲೆ ಬಂದರೆ ಹೊರಗಿನ ಲೈನಿನ ಪಿನ್ನುಗಳನ್ನೆಲ್ಲ ಕಿತ್ತು, ಹೆಡ್‌ಸೆಟ್ ತೆಗೆದಿಟ್ಟು, ಬೋರ್ಡಿನಿಂದ ದೂರ ಕೂರಬೇಕು. ಇದು ಆಪರೇಟರುಗಳಿಗೆ ಮೊದಲ ದಿನ ಕಲಿಸುವ ಪಾಠ. ನಾನೇ ಎಷ್ಟು ಸಲ ಹಾಗೆ ಕಿತ್ತು ಮೂಲೆಯಲ್ಲಿ ಕುಳಿತು ಅರ್ಜುನನ ಹತ್ತು ಹೆಸರು ಜಪಿಸಿದ್ದೇನೆ. ಕರಕರ ಎಂದರೆ ಮೋಡ ಬರುತ್ತಿದೆ ಎಂದು, ಏನೂ ಕೇಳದಿದ್ದರೆ ಬಂದುಬಿಟ್ಟಿದೆ ಎಂದು. ಬೇರೆ ಯಾರಿಗೆ ತಿಳಿಯದಿದ್ದರೂ ನನಗೆ ತಿಳಿಯಬೇಕಿತ್ತು. ನನ್ನ ತಲೆಯಲ್ಲಿ ಆಗ ನಾನೇ ತುಂಬಿದ್ದೆ.

ಆರು ಗಂಟೆಗೆ ಡ್ಯೂಟಿ ಮುಗಿಸಿ ಹೊಳೆಬದಿಯ ಕಟ್ಟಪುಣಿಯಲ್ಲಿ, ಗದ್ದೆಯ ಏರಿಯ ಮೇಲೆ, ಬಿಡಾರಕ್ಕೆ ಹೊರಟೆ. ಒಂದು ಹನಿ ಮಳೆ ಇಲ್ಲ. ಆಕಾಶ ತಿಳಿಯಾಗಿತ್ತು, ಪಡುವಣದಲ್ಲಿ ಕೆಂಪು ಇನ್ನೂ ಆರಿರಲಿಲ್ಲ. ಎಲ್ಲ ಎಂದಿನಂತೆಯೇ ಇದ್ದೂ ಏನೋ ಸರಿಯಿಲ್ಲ ಎನಿಸಿ ಕೆಳಗೆ ನೋಡಿದರೆ ಹೊಳೆ ಏರುತ್ತಿತ್ತು. ಸದ್ದಿಲ್ಲ, ಅಬ್ಬರವಿಲ್ಲ. ಒಣಗಿದ ಎಲೆ, ನೊರೆ, ಒಂದು ಇಡೀ ಹಲಸಿನ ಹಣ್ಣು, ಯಾರದ್ದೋ ತೆಂಗಿನ ಮಡಲಿನ ತಟ್ಟಿ, ಎಲ್ಲವೂ ನಿಧಾನವಾಗಿ ತಿರುಗುತ್ತಾ ಬಂದು ಕಟ್ಟದ ಹತ್ತಿರ ಒಂದರ ಮೇಲೊಂದು ನಿಲ್ಲುತ್ತಿದ್ದವು. ಮಳೆಯೇ ಇಲ್ಲದ ಆ ನೆರೆಯನ್ನು ನೋಡುತ್ತಾ ನಾನು ಕನಸಿನಲ್ಲಿ ನಿಂತವನಂತೆ ನಿಂತೇಬಿಟ್ಟೆ. ಆಮೇಲೆ ಓಡಿದೆ.

ಅಷ್ಟು ಹೊತ್ತಿಗೆ ಗುಲಾಬಿಯಕ್ಕನೇ ಕೂಗಿ ಜನ ಸೇರಿಸಿದ್ದರು. ಸೊಂಟದ ನೀರಿನಲ್ಲಿ ನಿಂತು ಗಂಡಸರು ಹಲಗೆ ಕೀಳುತ್ತಿದ್ದರು. ನೀರಿನ ಭಾರಕ್ಕೆ ಹಲಗೆ ಅಲುಗುತ್ತಿರಲಿಲ್ಲ. ನಾನೂ ಪಂಚೆ ಎತ್ತಿ ಕಟ್ಟಿ ಇಳಿದೆ. ಒಂದು ಚಪ್ಪಲಿ ಹೋಯಿತು, ಒಂದು ಹಲಗೆಯೂ ಬರಲಿಲ್ಲ. “ಭಟ್ರೇ, ನೀವು ಮೇಲೆ ಹೋಗಿ, ನಿಮ್ಮನ್ನೂ ನಾವೇ ಹುಡುಕಬೇಕಾದೀತು” ಎಂದು ಯಾರೋ ಹೇಳಿದರು. ಕೊನೆಗೆ ಮೂರು ಕಿಂಡಿ ತೆರೆಯುವಾಗ ತಗ್ಗಿನ ಗದ್ದೆ ಕಾಣುತ್ತಲೇ ಇರಲಿಲ್ಲ. ಬಳ್ಳಿಯಿಂದ ಬಿಡದ ಸೌತೆಕಾಯಿಗಳು ಕೆಂಪು ನೀರಿನ ಮೇಲೆ ಅರ್ಧ ತಲೆ ಎತ್ತಿ ತೇಲುತ್ತಿದ್ದವು. ಗುಲಾಬಿಯಕ್ಕನೂ ಇಬ್ಬರು ಹುಡುಗಿಯರೂ ತೊಡೆಮಟ್ಟದ ನೀರಿನಲ್ಲಿ ಕೈಯಾಡಿಸಿ ಸಿಕ್ಕಿದ್ದನ್ನು ಸೆರಗಿಗೆ ಹಾಕಿಕೊಳ್ಳುತ್ತಿದ್ದರು. ಎಳೆಯ ಕಾಯಿಗಳು, ಕೆಸರು ಹಿಡಿದವು, ಯಾವುದೂ ಒಂದು ವಾರಕ್ಕಿಂತ ಹೆಚ್ಚು ಉಳಿಯುವಂಥದ್ದಲ್ಲ. ಅವರು ನನ್ನನ್ನು ಕಂಡರು. ಮತ್ತೆ ನೀರಿಗೆ ಕೈ ಹಾಕಿದರು.

ಮರುದಿನ ಬೆಳಿಗ್ಗೆ ಲೈನ್‌ಮ್ಯಾನ್ ಬಂದು, ಕಾರ್ಕಳದಲ್ಲಿ ನಿನ್ನೆ ಎರಡು ಗಂಟೆಗೇ ಭಯಂಕರ ಸಿಡಿಲಂತೆ, ಎಕ್ಸ್‌ಚೇಂಜಿನ ಪಕ್ಕದ ತೆಂಗಿನ ಮರ ಸುಟ್ಟುಹೋಗಿದೆಯಂತೆ, ಬೆಳ್ಮಣ್ಣಿನಲ್ಲಿ ತಂತಿ ಕಡಿದಿದೆ ಎಂದ. ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಲೈನು ಸರಿಯಾಯಿತು. ನಾನು ರಿಂಗ್ ಮಾಡಲಿಲ್ಲ. ಗುಲಾಬಿಯಕ್ಕನಿಗೆ ಏನು ಹೇಳುವುದು ಎಂಬ ಯೋಚನೆಯಲ್ಲೇ ಮುಳುಗಿದ್ದೆ. ಅವರಿನ್ನು ಯಾಕೆ ಬರುತ್ತಾರೆ ಎಂದು ನನಗೆ ನಾನೇ ಸಮಾಧಾನವನ್ನೂ ಹೇಳಿಕೊಂಡೆ.

ಅವರು ಬಂದರು. ಅದೇ ನಾಲ್ಕು ಗಂಟೆಗೆ, ಅದೇ ಮೆಟ್ಟಿಲಿಗೆ. ಅವರು ಬಾಯಿ ತೆರೆಯುವ ಮೊದಲೇ ನಾನು ಎಲ್ಲ ಹೇಳಿದೆ. ಗೊಮ್ಮಟನ ಮೇಲೆ ಬಿಸಿಲು ಇದೆ ಎಂದು ಯಾರೂ ಹೇಳಿರಲಿಲ್ಲ ಎಂದೆ. ಅವಳು ಸಿಟ್ಟು ಮಾಡಿಕೊಂಡಿದ್ದಾಳೆ ಎಂದು ನಾನು ಭಾವಿಸಿದ್ದೂ, ಅಲ್ಲಿ ಸಿಡಿಲಿಗೆ ಪಿನ್ನು ಕಿತ್ತು ಇಟ್ಟಿದ್ದೂ, ತಂತಿ ಕಡಿದಿದ್ದೂ, ಪಕ್ಕದ ಮರ ಸುಟ್ಟಿದ್ದೂ, ಒಂದೂ ಬಿಡದೆ. ಬೈಯಲಿ ಎಂದು ಕಾದೆ. ಅವರು ಕೈಯಲ್ಲಿದ್ದ ಕತ್ತಿಯನ್ನು ಮೆಟ್ಟಿಲ ಮೇಲೆ ಇಟ್ಟರು.

“ಆ ಹೆಣ್ಣಿಗೆ ಎಂತ ಆಗಲಿಲ್ಲ ಅಲ್ವಾ?”

ಅದನ್ನು ನಾನು ಬೆಳಿಗ್ಗೆ ಲೈನ್‌ಮ್ಯಾನನನ್ನೂ ಕೇಳಿರಲಿಲ್ಲ, ಲೈನು ಸರಿಯಾದ ಮೇಲೂ ರಿಂಗ್ ಮಾಡಿ ಕೇಳಿರಲಿಲ್ಲ. ತಿಂಗಳುಗಟ್ಟಲೆ ಆ ಧ್ವನಿಗೆ ಜಡೆ, ಕನ್ನಡಕ ಎಲ್ಲ ಮಾಡಿ ತೊಡಿಸಿದವನಿಗೆ, ಅಲ್ಲಿ ಸಿಡಿಲಿನ ಕೆಳಗೆ ಒಬ್ಬಳು ನಿಜವಾಗಿ ಕುಳಿತಿದ್ದಳು ಎನ್ನುವುದು ಹೊಳೆಯಲೇ ಇಲ್ಲ. ಗದ್ದೆ ಕಳೆದುಕೊಂಡವರಿಗೆ ಹೊಳೆಯಿತು.

“ಕೇಳಿ ಮಾರಾಯ್ರೇ” ಎಂದು ಗುಲಾಬಿಯಕ್ಕ ಮೊದಲ ಸಲ ಮೆಟ್ಟಿಲು ಹತ್ತಿ ಒಳಗೆ ಬಂದರು.

ನಾನು ಪಿನ್ನು ಚುಚ್ಚಿದೆ. ಎರಡು ಸಲ ರಿಂಗ್ ಆಯಿತು. ಮೂರನೆಯ ಸಲಕ್ಕೆ ಆ ಕಡೆಯಿಂದ “ಕಾರ್ಕಳ” ಎಂದಿತು. ಅವಳದೇ ಧ್ವನಿ, ಆದರೆ ಇಸ್ತ್ರಿ ಇರಲಿಲ್ಲ. ಗುಲಾಬಿಯಕ್ಕ ನನ್ನ ತಲೆಯಿಂದ ಹೆಡ್‌ಸೆಟ್ಟನ್ನು ತಾವೇ ಎತ್ತಿ, ಮಾತಿನ ತುದಿಯನ್ನು ಬಾಯಿಯ ಹತ್ತಿರ ಹಿಡಿದುಕೊಂಡು, ಹೊಳೆಯ ಆಚೆ ದಡದವರನ್ನು ಕರೆಯುವಷ್ಟು ಗಟ್ಟಿಯಾಗಿ ತುಳುವಿನಲ್ಲಿ ಕೇಳಿದರು, “ಮಗಾ, ನಿನ್ನೆ ಹೆದರಿದೆಯಾ?”

ಅಷ್ಟು ತಿಂಗಳಲ್ಲಿ ಅವಳೊಡನೆ ತುಳು ಮಾತನಾಡಬಹುದೆಂದು ನನಗೆ ತೋಚಿರಲಿಲ್ಲ. ಆ ಕಡೆ ಏನು ಹೇಳಿದಳೋ ನನಗೆ ಕೇಳಿಸುತ್ತಿರಲಿಲ್ಲ. ಗುಲಾಬಿಯಕ್ಕ ಮಾತ್ರ ಹೂಂ, ಹೂಂ ಎಂದು ತಲೆಯಾಡಿಸುತ್ತಾ ಬಹಳ ಹೊತ್ತು ಕೇಳಿದರು. ಮೂರು ನಿಮಿಷ ಆಯಿತು, ಆರು ನಿಮಿಷವೂ ಆಯಿತು. ಆಮೇಲೆ ಕಣ್ಣು ಒರೆಸಿಕೊಂಡು ಹೆಡ್‌ಸೆಟ್ಟನ್ನು ನನ್ನ ಕೈಗೆ ಕೊಟ್ಟರು.

“ಅಳ್ತಾ ಉಂಟು ಪಾಪ. ನಿನ್ನೆ ಅಲ್ಲಿ ಒಬ್ಬಳೇ ಇದ್ದದ್ದಂತೆ. ಮರ ಉರಿಯುವಾಗ ಬಾಗಿಲು ತೆಗೀಲಿಕ್ಕೂ ಧೈರ್ಯ ಬರಲಿಲ್ಲವಂತೆ.” ಮೆಟ್ಟಿಲಿಳಿದು ಕತ್ತಿ ಎತ್ತಿಕೊಂಡು ತಿರುಗಿ ನಿಂತರು. “ನೀವು ಮಾತಾಡಿ ಭಟ್ರೇ. ಮೋಡ ಎಲ್ಲಿಯವರೆಗೆ ಅಂತ ಮಾತ್ರ ಇವತ್ತು ಕೇಳಬೇಡಿ.”